ಪೈಲಟ್ ಸೊಸೆಯೂ ಹಾರಿದ ಬೇಳೆಯೂ

ಏನಾದರೂ ಬಿದ್ದ ಸದ್ದಾದರೆ ಜನ ಮೊದಲು ‘ಏನಾಯಿತು?’ ಎಂದು ಕೇಳುತ್ತಾರಂತೆ. ಅಂಥ ಮನೆಗಳು ಎಲ್ಲಿವೆಯೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕೇಳುವುದು ‘ಯಾರು?’ ಎಂದು. ಉಪ್ಪಿನಕಾಯಿ ಭರಣಿ ಒಡೆದರೂ ಅದೇ, ಮೊಸರು ಹೆಪ್ಪುಗಟ್ಟದಿದ್ದರೂ ಅದೇ. ಧಾರವಾಡ ಬಿಟ್ಟು ಪುಣೆಯ ಕೋಥರೂಡಿನಲ್ಲಿ ಸಂಸಾರ ಹೂಡಿದಾಗ ಎಷ್ಟೋ ಅಭ್ಯಾಸಗಳನ್ನು ಅಲ್ಲಿಯೇ ಬಿಟ್ಟು ಬಂದೆವು. ಇದನ್ನು ಮಾತ್ರ ಹಿತ್ತಾಳೆ ಹಂಡೆಯ ಜೊತೆ ಲಾರಿಗೆ ಹೇರಿಕೊಂಡೇ ಬಂದೆವು. ನಮ್ಮ ಯಜಮಾನರು ಬ್ಯಾಂಕಿನ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಈಗ ಅವರ ತಪಾಸಣೆಗೆ ಉಳಿದಿರುವ ಶಾಖೆ ನಾನೊಬ್ಬಳೇ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಸೌಮ್ಯಾ. ಮೈಸೂರಿನ ಹುಡುಗಿ, ವಿಮಾನದ ಪೈಲಟ್. ಕ್ಯಾಪ್ಟನ್ ಪಕ್ಕದ ಕುರ್ಚಿಯಲ್ಲಿ ಕೂತು ಅಷ್ಟು ದೊಡ್ಡ ವಿಮಾನ ಇಳಿಸುವವಳು ನಮ್ಮ ಕರ್ವೆ ರಸ್ತೆಯಲ್ಲಿ ಸ್ಕೂಟರ್ ಹೊಡೆಯಲು ಹೆದರುತ್ತಾಳೆ. “ಮೇಲೆ ಎಲ್ಲರೂ ರೂಲ್ಸ್ ಫಾಲೋ ಮಾಡ್ತಾರೆ ಅತ್ತೆ, ಇಲ್ಲಿ ಯಾರು ಮಾಡ್ತಾರೆ?” ಎನ್ನುತ್ತಾಳೆ. ಹಿಂದಿನ ಸೀಟಿನಲ್ಲಿ ಕೂತು ಪುಣೆಯ ರಿಕ್ಷಾದವರನ್ನು ನೋಡಿದ ಯಾರೂ ಇದನ್ನು ಅಲ್ಲಗಳೆಯಲಾರರು.

ಈ ಮಳೆಗಾಲದಲ್ಲಿ ಒಂದು ದಿನ ಅವಳ ವಿಮಾನ ಇಳಿಯುವಾಗ ನೆಲಕ್ಕೆ ಜೋರಾಗಿ ಬಡಿದು ಟೈರು ಒಡೆಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ವಿಚಾರಣೆ ಮುಗಿಯುವ ತನಕ ಅವಳನ್ನೂ ಕ್ಯಾಪ್ಟನ್ನನ್ನೂ ಹಾರಾಟದಿಂದ ದೂರ ಇಟ್ಟರು. ಹುಡುಗಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನಾನು ಕೇಳಿಯೇಬಿಟ್ಟೆ: “ಇಳಿಸಿದವರು ಯಾರವಾ, ನೀನೋ ಅವರೋ?” ಹಿಂದಿನಿಂದ ಯಜಮಾನರು, “ಬ್ರೇಕ್ ಸರಿಯಾಗಿ ಹತ್ತಿದ್ವೋ ಇಲ್ಲೋ?” ಎಂದರು. ಎದುರುಮನೆಯ ಕಾಕೂ ಬಾಗಿಲು ಅರ್ಧ ತೆರೆದು, “ಕಾಯ್ ಝಾಲಂ ಗ?” ಏನಾಯಿತೇ ಎಂದು ಮರಾಠಿಯಲ್ಲಿ ತಮ್ಮ ಪಾಲಿನದನ್ನೂ ಕೇಳಿದರು. ಸೌಮ್ಯಾ ಚಪ್ಪಲಿ ಬಿಟ್ಟು ನೇರ ಕೋಣೆ ಸೇರಿದಳು.

ಆಮೇಲೆ ಅವಳು ಊಟಕ್ಕೆ ಬರುವಳು, ಅನ್ನ ಕಲಸುವಳು, ಎದ್ದು ಹೋಗುವಳು. ಚಾಕಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ನನ್ನ ಮಗನಿಂದ ಒಂದಷ್ಟು ಸಂಗತಿ ತಿಳಿಯಿತು. ಬರುವ ಸೋಮವಾರ ಮುಂಬಯಿಯಲ್ಲಿ ಅವಳ ಹೇಳಿಕೆ ತೆಗೆದುಕೊಳ್ಳುತ್ತಾರೆ. ಪೈಲಟ್‌ಗಳ ಸಂಘದವರು, ‘ಒಬ್ಬ ಹಿರಿಯ ಪೈಲಟ್ ನಿನ್ನ ಪಕ್ಕದಲ್ಲಿ ಕೂರುತ್ತಾರೆ, ಅದು ನಿನ್ನ ಹಕ್ಕು’ ಎಂದರಂತೆ. ಇವಳು ಬೇಡ ಎಂದಳಂತೆ. “ತಪ್ಪು ನಂದೇ ಅಂತ ಹೇಳಿ ಮುಗಿಸಿಬಿಡ್ತಾಳಂತ ಅವ್ವ. ಎಲ್ಲರೂ ಕೇಳೋದು ಅದನ್ನೇ ಅಲ್ಲೇನು, ಅಂತಾಳ,” ಎಂದ. ‘ಎಲ್ಲರೂ’ ಎನ್ನುವಾಗ ಅವನು ನನ್ನ ಮುಖ ನೋಡಲಿಲ್ಲ. ಹಾಗೆ ಹೇಳಿದರೆ ಅವಳ ಹಾರಾಟದ ಗತಿ ಏನು ಎಂದು ಕೇಳಿದೆ. ಅವನು ಡಬ್ಬಿ ಎತ್ತಿಕೊಂಡು ಪಾಳಿಗೆ ಹೊರಟ.

ಹೀಗಿರುವಾಗ ಶನಿವಾರ ನಮ್ಮ ಅಡಿಗೆಮನೆಯಲ್ಲಿ ಅಪಘಾತವಾಯಿತು. ಕುಕ್ಕರಿನ ಸೇಫ್ಟಿ ವಾಲ್ವ್ ಢಂ ಎಂದು ಹಾರಿ, ತೊಗರಿಬೇಳೆಯಷ್ಟೂ ಚಾವಣಿಗೆ ಬಡಿದು ಕೆಳಗೆ ಬಿತ್ತು. ಸ್ವಲ್ಪ ನನ್ನ ತಲೆಯ ಮೇಲೆ, ಹೆಚ್ಚಿನದು ಯಜಮಾನರು ಆಗಷ್ಟೇ ಇಸ್ತ್ರಿ ಮಾಡಿಸಿ ತಂದು ಬಾಗಿಲಿಗೆ ತೂಗುಹಾಕಿದ್ದ ಶರ್ಟಿನ ಮೇಲೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಓಡಿ ಬಂದು ಶರ್ಟು ನೋಡಿದರು, ಚಾವಣಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಯಾರು ಇಟ್ಟಿದ್ದು ಇದನ್ನ? ನೀರು ಹಾಕಿದ್ದ್ಯೋ ಇಲ್ಲೋ? ಲಕ್ಷ್ಯ ಎಲ್ಲಿತ್ತು ನಿಂದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಸೌಮ್ಯಾ ಒಳಗೆ ಬಂದಳು. ಗ್ಯಾಸ್ ಆರಿಸಿದಳು, ನನ್ನ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು, ನೀರು ಕೊಟ್ಟಳು. ಆಮೇಲೆ ತಿರುಗಿ, “ಮಾವ, ಅತ್ತೇನ ಈಗ ಏನೂ ಕೇಳೋ ಹಾಗಿಲ್ಲ,” ಎಂದಳು.

“ಯಾಕ ಕೇಳಬಾರದು?”

“ಶಾಕ್‌ನಲ್ಲಿದಾರೆ. ಮೊದಲು ರೆಸ್ಟ್. ಆಮೇಲೆ ಅವರ ಕಡೆಯವರು ಒಬ್ಬರು ಪಕ್ಕದಲ್ಲಿ ಇರಬೇಕು. ನಾನಿದೀನಿ. ಕುಕ್ಕರ್ ಮುಟ್ಟಬೇಡಿ, ಹಾಗೇ ಇರಲಿ.”

“ಇದೇನು ವಿಮಾನ ಏನವಾ? ಬ್ಯಾಳಿ ಅದ, ಬ್ಯಾಳಿ!”

“ಹಾರಿದೆ ಅಲ್ವಾ ಮಾವ?” ಎಂದು ಅವಳು ಚಾವಣಿ ತೋರಿಸಿದಳು.

ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ಅದನ್ನು ಕೇಳಲು ಬೇಕಾದರೆ ಇನ್ನೊಂದು ಕುಕ್ಕರ್ ಹಾರಿಸಬಹುದು ಎನ್ನಿಸಿತು ನನಗೆ.

ನಾನು ತಲೆ ತೊಳೆದು ಚಹಾ ಕುಡಿದ ಮೇಲೆ ವಿಚಾರಣೆ ನಡೆಯಿತು. ಸೌಮ್ಯಾ ‘ಯಾರು’ ಎಂದು ಒಮ್ಮೆಯೂ ಕೇಳಲಿಲ್ಲ. ಮೊದಲು ಏನಾಯಿತು, ಆಮೇಲೆ ಏನಾಯಿತು, ಆಗ ನಿಮಗೆ ಏನು ಕೇಳಿಸಿತು, ಇಷ್ಟೇ. ಹಾಗೆ ಕೇಳಿದಾಗ ಒಂದೊಂದೇ ಹೊರಬಿತ್ತು. ನಾನು ಕುಕ್ಕರ್ ಇಟ್ಟು ಎಂದಿನಂತೆ, “ರೀ, ಸೀಟಿ ಎಣಸ್ರಿ,” ಎಂದು ಕೂಗಿ ಬಾಲ್ಕನಿಗೆ ಬಟ್ಟೆ ಒಣಹಾಕಲು ಹೋಗಿದ್ದೆ. ಹೊರಕೋಣೆಯಲ್ಲಿ ಪೇಪರ್ ಓದುತ್ತ ಸೀಟಿ ಎಣಿಸುವುದು ನಿವೃತ್ತಿಯ ನಂತರ ಯಜಮಾನರು ವಹಿಸಿಕೊಂಡಿರುವ ಏಕೈಕ ಮನೆಗೆಲಸ. ಅವರು ನಿಷ್ಠೆಯಿಂದ ಎಣಿಸಿ, “ಎರಡಾತು!” ಎಂದೂ ಕೂಗಿದ್ದರು. ನಾನು ಮೂರನೆಯದಕ್ಕೆ ಕಾಯುತ್ತಿದ್ದೆ. ಬರದಿದ್ದಾಗ ನೋಡೋಣವೆಂದು ಒಳಗೆ ಬಂದಿದ್ದೆ.

ಸೌಮ್ಯಾ ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಸೀಟಿಯ ತೂತಿನಲ್ಲಿ ಬೇಳೆಯ ಸಿಪ್ಪೆ ಗಟ್ಟಿಯಾಗಿ ಕೂತಿತ್ತು. ನಮ್ಮ ಕುಕ್ಕರ್ ಒಂದು ಸೀಟಿಯನ್ನೂ ಹೊಡೆದಿರಲಿಲ್ಲ. ಕಾಕೂ ಅವರ ಅಡಿಗೆಮನೆ, ನಮ್ಮ ಅಡಿಗೆಮನೆ ಎರಡರ ಕಿಟಕಿಗಳೂ ಒಂದೇ ಡಕ್ಟಿಗೆ, ಗಾಳಿಗೆಂದು ಬಿಟ್ಟ ಕಿರಿದಾದ ಸಂದಿಗೆ, ತೆರೆಯುತ್ತವೆ. ಯಜಮಾನರು ಎಣಿಸಿದ್ದು ಕಾಕೂ ಅವರ ಮಟಕಿ ಕಾಳಿನ ಉಸಳಿಯ ಸೀಟಿಗಳನ್ನು!

“ಹಂಗಾದ್ರ ತಪ್ಪು ನಂದೇನು?” ಎಂದರು ಯಜಮಾನರು, ಕುಗ್ಗಿದ ದನಿಯಲ್ಲಿ.

“ತಪ್ಪು ಯಾರದ್ದು ಅಂತ ಹುಡುಕೋದಲ್ಲ ಮಾವ, ಇನ್ನೊಂದ್ಸಲ ಆಗದ ಹಾಗೆ ನೋಡ್ಕೊಳ್ಳೋದು. ನಮ್ಮಲ್ಲೂ ವಿಚಾರಣೆ ಇರೋದೇ ಅದಕ್ಕೆ. ಒಬ್ಬರು ಹೇಳಿದ್ರು, ಇನ್ನೊಬ್ಬರು ನಂಬಿದ್ರು...” ಎಂದವಳು ಮಾತು ಅಲ್ಲಿಗೇ ನಿಲ್ಲಿಸಿದಳು. ಅವಳ ಮುಖ ನೋಡಿದೆ. ಬೇಳೆಯ ಮಾತು ಮುಗಿದು ಬೇರೆಯದು ಶುರುವಾಗಿತ್ತು. ‘ಯಾರು ಹೇಳಿದ್ದು, ಯಾರು ನಂಬಿದ್ದು?’ ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಅದರ ಬದಲು ಕೇಳಿದೆ: “ಒಂದು ಕುಕ್ಕರ್ ಹಾರಿದ್ದಕ್ಕ ನನಗ ಪಕ್ಕಕ್ಕ ಒಬ್ಬಾಕಿ ಬೇಕಾದ್ಲು. ಸೋಮವಾರ ನಿನ್ನ ಪಕ್ಕಕ್ಕ ಯಾರವಾ?”

ಅವಳು ತೂತಿನಲ್ಲಿದ್ದ ಸಿಪ್ಪೆಯನ್ನು ಪಿನ್ನಿನಿಂದ ಕೆದಕಿ ತೆಗೆದಳು. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ಆ ಹಿರಿಯ ಪೈಲಟ್‌ಗೆ ಫೋನ್ ಮಾಡಿದಳು. ನಾನು ಒಣಹಾಕಿದ್ದ ಬಟ್ಟೆ ನೋಡುವ ನೆಪದಿಂದಲೂ ಆ ಕಡೆ ಹೋಗಲಿಲ್ಲ. ನನ್ನನ್ನು ಬಲ್ಲವರು ಇದರ ಬೆಲೆ ಅರಿಯಬಲ್ಲರು.

ಸೋಮವಾರ ಸಂಜೆ ಅವಳು ಮರಳಿದಾಗ ನಾನು ಬಾಗಿಲು ತೆಗೆದು, ನೀರು ಕೊಟ್ಟು, ತುಟಿ ಹೊಲಿದುಕೊಂಡು ನಿಂತೆ. ಅವಳ ಕೈಯಲ್ಲಿ ಮುಂಬಯಿ ದಾರಿಯ ಲೋಣಾವಳಾದ ಚಿಕ್ಕಿ ಪೊಟ್ಟಣವಿತ್ತು. ಯಜಮಾನರು ಅದನ್ನು ತಿರುಗಿಸಿ ನೋಡಿ ನನ್ನ ಕಿವಿಯಲ್ಲಿ, “ಮನಸ್ಸು ಕೆಟ್ಟವರು ದಾರ್ಯಾಗ ಇಳದು ಚಿಕ್ಕಿ ತರೂದಿಲ್ಲ,” ಎಂದು ತಪಾಸಣಾ ವರದಿ ಒಪ್ಪಿಸಿದರು. ಸೌಮ್ಯಾ ನಕ್ಕಳು. “ಇದ್ದಿದ್ದನ್ನ ಇದ್ದ ಹಾಗೇ ಹೇಳಿದೆ ಅತ್ತೆ. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ. ಈಗ ನೀವು ಕೇಳಬಹುದು.” ಇಷ್ಟು ದಿನ ಕಾದು ಸಿಕ್ಕ ಅವಕಾಶ! ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ: “ಅಲ್ಲೆ ಚಹಾ ಆದ್ರೂ ಕೊಟ್ಟಿದ್ರೇನು?”

ವಾರಗಳು ಕಳೆದರೂ ಚಾವಣಿಯ ಮೇಲಿನ ಹಳದಿ ಕಲೆ ಇನ್ನೂ ಇದೆ. ಬಣ್ಣ ಹಚ್ಚಿಸೋಣ ಎನ್ನುತ್ತಾರೆ ಯಜಮಾನರು, ನಾನೇ ಬಿಟ್ಟಿಲ್ಲ. ನಿನ್ನೆ ನಾನು ಹಾಲು ಉಕ್ಕಿಸಿದೆ. ಈ ಸಲ ಸಿಪ್ಪೆಯೂ ಇಲ್ಲ, ಡಕ್ಟೂ ಇಲ್ಲ. ಕಾಕೂ ಜೊತೆ ಮಾತಾಡುತ್ತ ಬಾಗಿಲಲ್ಲಿ ನಿಂತಿದ್ದೆ, ಅಷ್ಟೇ. ಯಜಮಾನರು ಒಲೆ ನೋಡಿ, “ಯಾರು...” ಎಂದು ಶುರುಮಾಡಿದರು. ನಾನು ಸೆರಗಿನಿಂದ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ.

“ನನ್ನ ಕಡೆಯವರು ವಿಮಾನ ನಡಸ್ಲಿಕ್ಕೆ ಹೋಗ್ಯಾರ, ಸಂಜೀಕ ಬರ್ತಾರ. ಅಲ್ಲೀತನಕಾ ನಾ ಏನೂ ಹೇಳೂದಿಲ್ಲ.”