ನಮ್ಮನೆ ಗುಟ್ಟು ಹರಿಹರ ಮುಟ್ಟಿದ್ದು

ನಮ್ಮನೇಲಿ ಹಾಲು ಬೇಕಾದ್ರೆ ಎರಡು ದಿನ ಕೆಡದೆ ಉಳಿದೀತು, ಗುಟ್ಟು ಉಳಿಯಲ್ಲ. ಪ್ರತಿ ಸಲವೂ ಇದೇ ಕತೆ. ಆದರೆ ಈ ಸಲ ರಟ್ಟಾಗಿದ್ದು ತಂಗಿಯ ಮದುವೆ ವಿಷಯ, ಹಾಗಾಗಿ ನಗುವಾಗಲೂ ನನಗೆ ಹೊಟ್ಟೆ ಉರಿಯುತ್ತೆ.

ಅವಳಿಗೆ ಮೊದಲೊಂದು ಕಡೆ ನಿಶ್ಚಿತಾರ್ಥ ಆಗಿ ಮುರಿದಿತ್ತು. ಆ ಹುಡುಗ ಬೇರೆಯವಳನ್ನು ಕಟ್ಟಿಕೊಂಡ. ಬಾಯಿ ಮುಚ್ಚಿಕೊಂಡು ಕೂರಬೇಕಾದವರು ಮಾತ್ರ ನಾವು! ಈಗ ಹರಿಹರದಿಂದ ಹೊಸ ಸಂಬಂಧ ಬಂದಿತ್ತು.

"ಇದ್ದದ್ದು ಹೇಳಿಬಿಡೋಣ ಅಣ್ಣ, ನಾನೇನು ತಪ್ಪು ಮಾಡೀನಿ?" ಅಂದಳು ತಂಗಿ.

"ಸುಮ್ನಿರು, ತಲೆ ಮ್ಯಾಲೆ ಮದುವೆ ಅಕ್ಕಿಕಾಳು ಬೀಳೋ ತನಕ ಯಾರೂ ಉಸಿರೆತ್ತಬ್ಯಾಡ್ರಿ" ಅಂದಳು ಅವ್ವ.

೧. ಕ್ಲಾಸಿನಲ್ಲಿ

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವತ್ತು ‘ಸ್ಪಿಲ್ ದ ಬೀನ್ಸ್’ ಅನ್ನೋ ನುಡಿಗಟ್ಟಿನ ಪಾಠ. "ಕಾಳು ಚೆಲ್ಲೋದು ಅಂದ್ಕೋಬ್ಯಾಡ್ರಿ. ಮುಚ್ಚಿಟ್ಟ ಗುಟ್ಟನ್ನ ಬಾಯಿಬಿಡೋದು ಅಂತ ಅರ್ಥ. ಎಲ್ಲಿ, ಒಂದು ವಾಕ್ಯ ಮಾಡ್ರಿ ನೋಡೋಣ."

ಆವರಗೆರೆಯಿಂದ ಬರೋ ಹುಡುಗಿ ಎದ್ದು ನಿಂತು, ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮ ಸರ್ ಅವರ ತಾಯಿ ಹಿಟ್ಟಿನ ಗಿರಣಿಯಲ್ಲಿ ಗುಟ್ಟು ಬಾಯಿಬಿಟ್ಟರು.

ಕ್ಲಾಸು ಗೊಳ್ಳಂತು. ನುಡಿಗಟ್ಟನ್ನು ಅಷ್ಟು ಸರಿಯಾಗಿ ಬಳಸಿದವರನ್ನು ನಾನು ಇವತ್ತಿಗೂ ಕಂಡಿಲ್ಲ. ಬೈಯೋಕೂ ಆಗಲಿಲ್ಲ, ಶಹಬ್ಬಾಸ್ ಅನ್ನೋಕೂ ಆಗಲಿಲ್ಲ.

೨. ಅವ್ವನ ವಿಚಾರಣೆ

"ಯಾರಿಗವ್ವ ಹೇಳಿದ್ದು?"

"ಅಯ್ಯೋ ಶಿವನೇ, ನಾನ್ಯಾರಿಗೆ ಹೇಳ್ಲಿ? ಗಿರಣಿಯಾಕೆ ಒಬ್ಬಳಿಗೆ. ಅದೂ ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸಿಕೊಂಡು."

"ಮತ್ತೆ ಆಕೆ ಊರಿಗೆಲ್ಲ ಹೇಳ್ಯಾಳಲ್ಲ?"

"ಪಾಪ, ಆಕೀನೂ ಎಲ್ಲರ ಹತ್ರ ಆಣೆ ಹಾಕಿಸಿಕೊಂಡೇ ಹೇಳ್ಯಾಳಂತೆ."

೩. ಮಾವನ ಮಿರ್ಚಿ

ಮದುವೆ ನಿಕ್ಕಿ ಮಾಡೋ ಮುಂಚೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರೋದು ನಮ್ಮಲ್ಲಿ ಪದ್ಧತಿ. ಅವ್ವ ಬಂದರೆ ಕೆಟ್ಟಿತು ಅಂತ, ಹದಡಿಯ ಸೋದರಮಾವನನ್ನು ಹರಿಹರಕ್ಕೆ ಕರಕೊಂಡು ಹೋದೆ. ಕಮ್ಮಿ ಮಾತಿನ ಮನುಷ್ಯ. ಬಸ್ಸಿನಲ್ಲಿ "ಮಾವ, ಆ ವಿಷಯ..." ಅಂದರೆ, "ನನಗೇನು ಹೇಳಿಕೊಡ್ತೀಯೋ?" ಅಂತ ಗದರಿದ.

ಗಂಡಿನ ಮನೆಯವರು ಮಂಡಕ್ಕಿ, ಮಿರ್ಚಿ ಬಜ್ಜಿ ತಂದಿಟ್ಟರು. ಮಾವ ಮಿರ್ಚಿ ಕಡಿದು ಕಣ್ಣರಳಿಸಿದ. "ನಿಮ್ದು ದೊಡ್ಡ ಮನಸ್ರಿ. ಮೊದಲಿನ ಬೀಗರು ಬರೇ ಚಾ ಕೊಟ್ಟು ಕಳಿಸಿದ್ರು."

"ಯಾವ ಬೀಗರು?" ಅಂದರು ಹುಡುಗನ ಅಪ್ಪ.

ಮಾವ ಸಂಭಾಳಿಸೋಕೆ ಹೋದ: "ಅದು ಮುರಿದೇ ಹೋತು ಬಿಡ್ರಿ, ನೀವೇನೂ ಹೆದರಬ್ಯಾಡ್ರಿ!"

೪. ಮನೆತನ

ಸಂಬಂಧ ತಂದಿದ್ದವರು ಲೋಕಿಕೆರೆಯ ಒಬ್ಬ ಹಿರಿಯರು. ಆಮೇಲೆ ಅವರೇ ಬಂದು, "ಹರಿಹರದವರು ಬ್ಯಾಡ ಅಂದ್ರು" ಅಂದರು.

"ಮೊದಲಿಂದು ಮುರಿದಿದ್ದಕ್ಕೇನ್ರಿ?" ಅಂದೆ ಸಿಟ್ಟಿನಲ್ಲಿ.

"ಛೇ, ಅದಕ್ಕಲ್ರಿ. ನಿಮ್ಮನೇಲಿ ಗುಟ್ಟು ನಿಲ್ಲಲ್ಲ ಅಂತ. ಅವರ ಹುಡುಗಂದು ಎರಡು ನಿಶ್ಚಯ ಮುರಿದಾವೆ. ಒಂದು ನರಪಿಳ್ಳೆಗೆ ಗೊತ್ತಾತೇನು? ಹಂಗಿರಬೇಕು ಮನೆತನ!"

ಮೈಯೆಲ್ಲ ಉರಿದುಹೋಯಿತು. ಬಾಗಿಲ ಹಿಂದಿದ್ದ ತಂಗಿಗೆ ಎಲ್ಲ ಕೇಳಿಸಿತ್ತು. ಒಳಗೆ ಹೋದೆ. ಅವಳ ಕಣ್ಣು ಕೆಂಪಗಿದ್ದವು.

"ಅಣ್ಣ, ಇನ್ಮೇಲೆ ಯಾವ ಸಂಬಂಧ ಬಂದ್ರೂ ಮೊದ್ಲು ಮಾವನ್ನ ಕಳಿಸು" ಅಂದಳು. "ನಿಮ್ಮೆಲ್ಲರಲ್ಲಿ ಹೇಳಬೇಕಾದವರಿಗೆ ನಿಜ ಹೇಳಿದವನು ಅವನೊಬ್ನೇ. ಮಿರ್ಚಿ ನಾನೇ ಕರಿದು ಕಟ್ಟಿಕೊಡ್ತೀನಿ."