ಅಕ್ಕೋಳದಾಗ ಕುಂತ ಕಲತ ಸಮಾಜಕಾರ್ಯ

ಮಂದಿ ಮನ್ಯಾಗ ಓದು ಅಂದ್ರ ಓದು. ನಮ್ಮ ಮನ್ಯಾಗ ಹಂಗಲ್ಲ, ಏನ ಹಿಡದ್ರೂ ನಡುವ ಒಂದ ನಗಿಪಾಟಲ ಆಗಲಾರದ ಮುಗಿಯೂದಽ ಇಲ್ಲ. ಎರಡ ವರ್ಷ ಆನ್‌ಲೈನ್‌ದಾಗ ಸಮಾಜಕಾರ್ಯದ ದೊಡ್ಡ ಡಿಗ್ರಿ, ಎಂ.ಎಸ್.ಡಬ್ಲ್ಯೂ. ಮಾಡಿದ್ನಿ. ಪುಸ್ತಕದಾಗಿಂದು ನೆನಪ ಉಳದದ್ದು ಕಡಿಮಿ, ಇಂಥಾವಽ ಹೆಚ್ಚ.

ಮೊದಲ ನಾ ಯಾರಂತ ಹೇಳಿಬಿಡ್ತೇನಿ. ಮನಿ ಅಕ್ಕೋಳದಾಗ. ಕೆಲಸ ನಿಪ್ಪಾಣ್ಯಾಗ, ಬೀಡಿ ಕಟ್ಟೂ ಹೆಣಮಕ್ಕಳ ಸಲುವಾಗಿ ಇರೂ ಒಂದ ಸಣ್ಣ ಸಂಸ್ಥಾದಾಗ. ಹನ್ನೊಂದ ವರ್ಷದಿಂದ ಅಲ್ಲಿ ಬಂದವರ ಕಷ್ಟಾ ಕೇಳಾಕಿ ನಾನಽ, ಆದ್ರ ಕಾಗದದ ಮ್ಯಾಲ ನಾ ಬರೇ ‘ಸಹಾಯಕಿ’. ಸಮಾಲೋಚಕಿ ಅನ್ನೂ ಖುರ್ಚಿ ಖಾಲಿ ಇತ್ತು. ಒಂದ ದಿನಾ ನಮ್ಮ ಸಾಹೇಬ್ರು ಕರದು, “ಬಾಯಾರ, ಎರಡ ವರ್ಷದಾಗ ಎಂ.ಎಸ್.ಡಬ್ಲ್ಯೂ. ಮಾಡ್ಕೊಂಡ್ರ ಆ ಖುರ್ಚಿ ನಿಮ್ಮದು. ಇಲ್ಲಾಂದ್ರ ಡಿಗ್ರಿ ಇದ್ದವರನ್ನ ತಗೋಬೇಕಾಗತೈತಿ. ಆಮ್ಯಾಲ ಸಿಟ್ಟಾಗಬ್ಯಾಡ್ರಿ ಮತ್ತ” ಅಂದ್ರು.

ಸಿಟ್ಟಾಗಬ್ಯಾಡ್ರಿ ಅಂದದ್ದು ಸುಮ್ಮನಲ್ಲ. ನನಗ ಸಿಟ್ಟು ಮೂಗಿನ ತುದಿಮ್ಯಾಲ. ಗಂಡನ ಕೈಲೆ ಹೊಡಿಸಿಕೊಂಡ ಬಂದಾಕಿ ಪೂರಾ ಹೇಳೂದ್ರೊಳಗಽ ನಾ ಚಪ್ಪಲಿ ಮೆಟ್ಟಿಕೊಂಡು ಆ ಗಂಡನ್ನ ಹುಡಕಾಕ ಹೊಂಟಿರ್ತೇನಿ. ಹನ್ನೊಂದ ವರ್ಷ ಇದಽ ನನ್ನ ಸಮಾಲೋಚನೆ. ಆ ಖುರ್ಚಿಮ್ಯಾಲ ಬ್ಯಾರೆ ಯಾರರ ಬಂದ ಕುಂದ್ರೂದನ್ನ ನೆನಸಿದ್ರ ಹೊಟ್ಟ್ಯಾಗ ಕಿಚ್ಚ ಬೀಳತಿತ್ತು. ನಲವತ್ತೆರಡನೇ ವಯಸ್ಸಿಗೆ ಅರ್ಜಿ ಹಾಕಾಕ ಹೊಂಟ್ನಿ.

ಯಾವ ಸಮಾಜ?

ಚಿಕ್ಕೋಡಿ ಬಸ್‌ಸ್ಟ್ಯಾಂಡ್ ಹತ್ರ ಆನ್‌ಲೈನ್ ಅರ್ಜಿ ತುಂಬೂ ಅಂಗಡಿ. ಅಂಗಡಿಯವ ಕಂಪ್ಯೂಟರ್ ಮ್ಯಾಲಿನ ಕಣ್ಣ ತಗೀದಽ ಕೇಳಿದ, “ಏನ ತುಂಬೂದೈತ್ರಿ?”

“ಸಮಾಜಕಾರ್ಯದ ಅರ್ಜಿರಿ.”

“ಯಾವ ಸಮಾಜ?”

ನಮ್ಮ ಕಡೆ ಸಮಾಜ ಅಂದ್ರ ಜಾತಿ, ಕಾರ್ಯ ಅಂದ್ರ ಮದವಿ. ಅದು ನನಗ ಆಗ ಹೊಳೀಲಿಲ್ಲ. ಬಾಳ ಶಾಣ್ಯಾಕಿ ಹಂಗ, “ಎಲ್ಲಾ ಸಮಾಜದ್ದೂ” ಅಂದ್ನಿ.

“ಓಹೋ, ಸಾಮೂಹಿಕ ಏನ್ರಿ? ಹಂಗಾದ್ರ ವರಂದೂ ಆಧಾರ ಕಾರ್ಡ್ ಬೇಕ ನೋಡ್ರಿ. ವರ ಬಂದಾನೇನು?”

“ವರ ಮನ್ಯಾಗ ಅದಾನ! ಅವಂದ ಮದವಿ ಆಗಿ ಹತ್ತೊಂಬತ್ತ ವರ್ಷ ಆತು!” ಅಂತ ಒದರಿದ್ನಿ. ಅಂಗಡ್ಯಾಗಿನ ಮಂದಿ ಎಲ್ಲಾ ತಿರುಗಿ ನೋಡಿದ್ರು.

ಆಮ್ಯಾಲ ತಿಳಿಸಿ ಹೇಳಿದ್ನಿ. ಅರ್ಜ್ಯಾಗ ಒಂದ ಕಡೆ ‘ಈ ಕೋರ್ಸ್ ಯಾಕ ಕಲೀಬೇಕಂತೀರಿ’ ಅಂತ ಒಂದ ಪುಟ ಬರೀಬೇಕಿತ್ತು. ನಾ ಪೆನ್ನ ಕಚ್ಚಿಕೊಂಡ ಕುಂತದ್ದ ನೋಡಿ ಅವನಽ, “ನನ್ನ ಹಂತ್ಯಾಕ ತಯಾರ ಐತ್ರಿ, ಎಲ್ಲಾರಿಗೂ ಅದನ್ನಽ ಹಾಕ್ತೇನಿ” ಅಂದು ಹಾಕಿಬಿಟ್ಟ. ಮನಿಗೆ ಬಂದು ಓದಿದ್ನಿ: ‘ಬಾಲ್ಯದಿಂದಲೂ ಮೂಕಪ್ರಾಣಿಗಳ ಸೇವೆ ಮಾಡುವುದೇ ನನ್ನ ಜೀವನದ ಗುರಿ.’ ಯಾವುದೋ ದನದ ಡಾಕ್ಟರ್ ಆಗಾಕ ಹೊಂಟವಂದು ನನಗ ಅಂಟಿಸಿದ್ದ!

ಸೀಟಂತೂ ಸಿಕ್ತು. ನಮ್ಮ ಮನಿಯವರಿಗೆ ಅದನ್ನ ಓದಿ ತೋರಿಸಿ, “ನೋಡ್ರಿ, ಎಂಥಾ ಸುಳ್ಳ ಬರದಾನ” ಅಂದ್ನಿ.

“ಸುಳ್ಳೆಲ್ಲಿ ಐತಿ?” ಅಂದ್ರು ಅವರು. “ಹತ್ತೊಂಬತ್ತ ವರ್ಷದಿಂದ ನಾ ಈ ಮನ್ಯಾಗ ಮೂಕಪ್ರಾಣಿನಽ ಆಗೀನಿ.”

ಆಕಡೆ ಸರಿ

ಕ್ಲಾಸು ಸಂಜಿ ಆರಕ್ಕ. ನಮ್ಮ ಎಮ್ಮಿ ಹಿಂಡೂದೂ ಆರಕ್ಕ. ಸರ್ ತಮ್ಮ ಟೈಮ್ ಬದಲಿ ಮಾಡೂದಿಲ್ಲ, ಎಮ್ಮಿನೂ ಮಾಡೂದಿಲ್ಲ. ಹಿಂಗಾಗಿ ಫೋನನ್ನ ಕೊಟ್ಟಿಗಿ ಗೂಡಿನ್ಯಾಗ ಇಟ್ಟು, ಹಿಂಡಕೋಂತ ಕೇಳತಿದ್ನಿ.

ಆವತ್ತಿನ ಪಾಠ ಸಹಾನುಭೂತಿ. ಎದರಿನವರ ಜಾಗಾದಾಗ ನಿಂತ ನೋಡಬೇಕು, ದನಿ ಏರಸಬಾರದು ಅಂತ ಸರ್ ಬೋರ್ಡ್ ಮುಂದ ಕುಂತ ಬಾಳ ಮಿದುವಾಗಿ ಹೇಳಾಕತ್ತಿದ್ರು. “ಯಾರಿಗಾದ್ರೂ ಏನಾದ್ರೂ ಅನುಮಾನ ಐತೇನ್ರಿ?” ಅಂತ ಕೇಳಿದ್ರು. ಅದಽ ಹೊತ್ತಿಗೆ ಎಮ್ಮಿ ಕಾಲ ಎತ್ತಿ ಬಕೀಟದಾಗ ಇಟ್ತು.

“ಏ ನಿನ್ನ ಬಾಯಾಗ ಮಣ್ಣ ಹಾಕ್ಲಿ! ಎಷ್ಟ ಸಲ ಹೇಳೂದ ನಿನಗ? ಆಕಡೆ ಸರೀತಿಯೋ ಇಲ್ಲೋ!”

ಎಮ್ಮಿ ಸರೀಲಿಲ್ಲ. ಫೋನ್ಯಾಗ ಖುರ್ಚಿ ಎಳೆಯೂ ಸಪ್ಪಳ ಬಂತು. ಮೈಕ್ ಚಾಲೂ ಇತ್ತಂತ ಆಗ ತಿಳೀತು. ಕೈ ಒರಸಿಕೊಂಡು ಓಡಿಹೋಗಿ ನೋಡಿದ್ರ, ಸರ್ ಖುರ್ಚಿ ಸರಿಸಿ ಸರಿಸಿ ಪೂರಾ ಮೂಲಿಗೆ ಹೋಗ್ಯಾರ. ಪರದೆ ಮ್ಯಾಲ ಅವರದೊಂದ ಕಿವಿ ಅಷ್ಟಽ ಕಾಣಾಕತ್ತಿತ್ತು.

“ಮೇಡಂ,” ಅಂದ್ರು ಸಣ್ಣ ದನೀಲೆ, “ಈಗ ಬೋರ್ಡ್ ಕಾಣಸತೈತೇನ್ರಿ?”

ಕಸಾ

ಎರಡನೇ ಸೆಮಿಸ್ಟರ್‌ದಾಗ ಫೀಲ್ಡ್ ವರ್ಕ್ ಬಂತು. “ಫೀಲ್ಡ್ ಅಂದ್ರ ಏನಬೇ?” ಅಂತ ನಮ್ಮ ಅತ್ತಿ ಕೇಳಿದ್ಲು. ನಾ ಗಡಿಬಿಡ್ಯಾಗ ಇದ್ನಿ, “ಹೊಲಾರಿ” ಅಂದುಬಿಟ್ಟಿನಿ. “ಮತ್ತ ನಮ್ಮ ಹೊಲಾನಽ ಬಿದ್ದೈತಲ್ಲ, ಮಂದಿ ಹೊಲಕ್ಕ ಯಾಕ ಹೋಗತಿ?” ಅಂದ್ಲು. ತಿಳಿಸಿ ಹೇಳೂ ಪುರಸೊತ್ತ ಇರಲಿಲ್ಲ.

ನಮ್ಮ ಫೀಲ್ಡ್ ವರ್ಕ್ ನೋಡೂ ಗೈಡ್ ಮೇಡಂ ಬೆಂಗಳೂರ ಕಡಿಯವರು. ಒಂದ ಆಯಿತವಾರ ನಾ ಖರೇನಽ ಹೊಲಕ್ಕ ಹೋದಾಗ ಅವರ ಫೋನ್ ಬಂತು. ಅತ್ತಿ ಎತ್ತಿದ್ಲು. ಏನ ಮಾತಾಡಿದ್ರು ಅನ್ನೂದನ್ನ ಅತ್ತಿನಽ ಸಂಜಿಗೆ ಒಪ್ಪಿಸಿದ್ಲು.

“ಫೀಲ್ಡ್‌ಗೆ ಹೋಗಿದ್ದಾರಾ ಅಮ್ಮ?”

“ಹೂನ್ರಿ, ಮುಂಜಾನೆ ಎದ್ದಽ ಹೋಗ್ಯಾಳ.”

“ಅಲ್ಲಿ ಏನ್ ಮಾಡ್ತಾ ಇದ್ದಾರೆ?”

“ಕಸಾ ತಗ್ಯಾಕತ್ತಾಳ್ರಿ. ಬಾಳ ಬೆಳದೈತಿ.”

“ಒಬ್ಬರೇನಾ?”

“ಇಲ್ರಿ, ಐದಾರ ಹೆಣಮಕ್ಕಳ ಕೂಡ್ಯಾರ. ಬಗ್ಗಿದವರು ಮ್ಯಾಲ ಎದ್ದಿಲ್ಲ.”

ನಾವು ತಗ್ಯಾಕತ್ತಿದ್ದು ಸೋಯಾಬಿನ್ ನಡುವ ಬೆಳದ ಹುಲ್ಲಿನ ಕಸಾ. ಮೇಡಂ ತಿಳಕೊಂಡದ್ದು ಊರ ಓಣ್ಯಾಗಿನ ಕಸಾ. ವಾರ ಬಿಟ್ಟ ಅವರ ವರದಿ ಬಂತು: ‘ಗ್ರಾಮ ಸ್ವಚ್ಛತೆಯಲ್ಲಿ ಮಹಿಳೆಯರ ಅದ್ಭುತ ಸಹಭಾಗಿತ್ವ.’ ಆ ವಿಷಯದಾಗ ಕ್ಲಾಸಿಗೇ ನಾನಽ ಮೊದಲ.

ಅತ್ತಿಗೆ ಹೇಳಿದ್ನಿ. ಬಾಳ ಖುಷಿಯಾಗಿ, “ಕಬ್ಬಿನ್ಯಾಗ ಒಣಗಿದ ಎಲಿ, ರವದಿನೂ ರಗಡ ಬಿದ್ದೈತಿ. ಅದನ್ನ ಆರಿಸಿದ್ರ ಮಾರ್ಕ್ಸ್ ಕೊಡ್ತಾರೇನ ಕೇಳ” ಅಂದ್ಲು.

ಕೇಸ್ ನಕೋ

ಆಮ್ಯಾಲ ಕೇಸ್ ವರ್ಕ್. ಒಂದ ಮನಿ ಆರಿಸಿಕೊಂಡು, ಎಂಟ ಸಲ ಹೋಗಿ, ಅವರ ಅಡಚಣಿ ತಿಳಕೊಂಡು, ಮೆಲ್ಲಕ ದಾರಿ ಹಚ್ಚಬೇಕು. ನಾ ಬೋರಗಾಂವದಾಗ ಒಬ್ಬ ಮಗ್ಗದ ಕೆಲಸದವನ ಮನಿ ಹಿಡದ್ನಿ. ಅವ ಪಗಾರ ಆದ ದಿನಾ ಕುಡದ ಬಂದು ತಾಟ ಒಗಿತಿದ್ದ. ಹೋಗಿ, ವಹಿ ತಗದು, ಪುಸ್ತಕದಾಗ ಬರದಂಗ ನಗುಮಾರಿ ಮಾಡಿ, “ನಿಮ್ಮ ಕೇಸ್ ತಗೋಬೇಕಂತ ಬಂದೀನ್ರಿ. ಪೂರಾ ಹೆಸರ ಹೇಳ್ರಿ” ಅಂದ್ನಿ.

ಅವನ ಮಾರಿ ಸುಣ್ಣ ಆತು. “ಬಾಯಾರ, ಕೇಸ್ ನಕೋ, ಬ್ಯಾಡ್ರಿ! ಇವತ್ತಿಂದ ಕುಡಿಯೂದ ಬಿಟ್ನಿರಿ! ದೇವರಾಣಿ!” ಅಂತ ಕೈ ಮುಗದ.

ಎರಡನೇ ಸಲ ಹೋದ್ರ, ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಲದಾಗ ಹೆಂಡತಿಗೆ ಕಾಯಿಪಲ್ಲೆ ಹೆಚ್ಚಿ ಕೊಡಾಕತ್ತಿದ್ದ. ಬಾಜೂ ಮನಿಯಾಕಿ ಹಿತ್ತಲಿಂದ ಬಂದು ನನ್ನ ಸೆರಗ ಜಗ್ಗಿ, “ಬಾಯಾರ, ನಮ್ಮ ಮನಿಯವರ ಮ್ಯಾಲೂ ಒಂದ ಕೇಸ್ ತಗೊಂಡ ಹೋಗ್ರಿ” ಅಂದ್ಲು.

ಗೈಡ್ ಮೇಡಂ ಕೇಳಿದ್ರು, “ಇಷ್ಟು ಬೇಗ ಬದಲಾವಣೆ! ಯಾವ ವಿಧಾನ ಬಳಸಿದ್ರಿ?”

“ಹೆಸರ ಬರಕೊಂಡ್ನಿರಿ” ಅಂದ್ನಿ. ಖರೇನಽ ಅಷ್ಟಽ ಮಾಡಿದ್ದು.

ಹದಿನೈದು ನಿಮಿಷ

ಕಡೀ ಪರೀಕ್ಷಾ ಬಂತು, ಸಮಾಲೋಚನೆ ಮಾಡಿ ತೋರಸೂದು. ವಿಡಿಯೋದಾಗ ಪರೀಕ್ಷಕಿ ನೋಡಕೋಂತ ಕುಂದ್ರತಾರ. ನಮ್ಮ ಮುಂದ ಒಬ್ಬರು ಕುಂತು ತಮ್ಮ ಕಷ್ಟಾ ಹೇಳಬೇಕು, ನಾವು ಹದಿನೈದ ನಿಮಿಷ ಕೇಳಬೇಕು. ಬುದ್ಧಿ ಹೇಳೂಹಂಗಿಲ್ಲ, ತಪ್ಪ ಹಿಡಿಯೂಹಂಗಿಲ್ಲ, ಯಾರ ಪರಾನೂ ಆಗೂಹಂಗಿಲ್ಲ. ‘ಹೂಂ’, ‘ಆಮ್ಯಾಲ?’, ‘ಆಗ ನಿಮಗ ಹೆಂಗ ಅನಸ್ತು?’ ಇಷ್ಟಽ. ಮನಿ ಮಂದಿನ್ನ ಕುಂದ್ರಿಸಬಾರದು.

ಮೊದಲನೇ ಸಲ ನನ್ನ ಜೋಡಿ ಕಲಿಯೂ ಅಥಣಿಯಾಕಿ ಒಬ್ಬಾಕಿ ವಿಡಿಯೋದಾಗ ಬಂದು, ಗಂಡ ಬೈತಾನ ಅಂತ ಸುಳ್ಳ ಸುಳ್ಳಽ ಅಳಾಕ ಚಾಲೂ ಮಾಡಿದ್ಲು. ಎರಡ ನಿಮಿಷ ತಡಕೊಂಡ್ನಿ. ಮೂರನೇದಕ್ಕ, “ನೀ ಯಾಕ ಸುಮ್ಮನ ಕುಂತಿ? ಕಪಾಳಕ್ಕ ಎರಡ ಬಿಗೀಬೇಕಿತ್ತ ಭಾಡ್ಯಾಗ!” ಅಂದೇಬಿಟ್ಟಿನಿ. ಫೇಲ್.

ಇನ್ನೊಂದಽ ಅವಕಾಶ ಇತ್ತು. ಅದೂ ಹೋದ್ರ ಮತ್ತೊಂದ ವರ್ಷ. ಅಷ್ಟರಾಗ ಸಾಹೇಬ್ರು ಹೇಳಿದ ಎರಡ ವರ್ಷ ಮುಗೀತಿದ್ವು, ಖುರ್ಚಿ ಹೋಗತಿತ್ತು.

ಈ ಸಲ ಓಣ್ಯಾಗಿನ ಒಬ್ಬಾಕಿಗೆ ಹೇಳಿಟ್ಟಿದ್ನಿ. ಹನ್ನೊಂದಕ್ಕ ಪರೀಕ್ಷಾ, ಹತ್ತೂವರಿಗೆ ಆಕಿ ಮನಿಗೆ ಕೀಲಿ! ಅಕ್ಕನ ಬಾಳಂತನಕ್ಕ ರಾಯಬಾಗಕ್ಕ ಹೋಗ್ಯಾಳಂತ. ಮನಿಗೆ ಓಡಿ ಬಂದ್ನಿ. ಅತ್ತಿ ಅಕ್ಕಿ ಆರಿಸಾಕತ್ತಿದ್ಲು, ನನ್ನ ಮಾರಿ ನೋಡಿ ಮೊರಾ ಬಾಜೂಕ ಇಟ್ಟು, “ಅಳಬ್ಯಾಡ. ನಾ ಕುಂದ್ರತೇನಿ. ಓಣಿಯಾಕಿ ಅಂತ ಹೇಳ” ಅಂದ್ಲು.

“ಅತ್ಯಾರ, ಕಷ್ಟಾ ಹೇಳಬೇಕಾಗತೈತ್ರಿ.”

“ಕಷ್ಟಕ್ಕೇನ ಬರಾ ಐತಿ?”

ಪರೀಕ್ಷಕಿ ಫೋನ್ಯಾಗ ಬಂದ್ರು. ವಯಸ್ಸಾದವರು, ಗಂಭೀರ ಮಾರಿ. ಅತ್ತಿನ್ನ ತೋರಿಸಿ, ಓಣಿ ಹಿರೇರು ಅಂತ ಹೇಳಿದ್ನಿ. ಅತ್ತಿ ಸೆರಗ ಸರಿ ಮಾಡ್ಕೊಂಡು ಕುಂತು, “ನನ್ನ ಕಷ್ಟಾ ಅಂದ್ರ ನನ್ನ ಸೊಸೀರಿ” ಅಂತ ಚಾಲೂ ಮಾಡಿದ್ಲು.

“ಹೂಂ” ಅಂದ್ನಿ.

“ಬಂದ ಮೂರನೇ ದಿನಕ್ಕ ನನ್ನ ಉಪ್ಪಿನಕಾಯಿ ಬರಣ್ಯಾಗ ತೊಯ್ದ ಚಮಚಾ ಹಾಕಿದ್ಲು. ಪೂರಾ ಬರಣಿ ಕೆಟ್ಟಹೋತು.”

ಆ ಚಮಚಾ ಹಾಕಿದ್ದು ನಾ ಅಲ್ಲ, ನನ್ನ ನಾದಿನಿ! ಇಪ್ಪತ್ತೊಂದ ವರ್ಷದಿಂದ ಬಡಕೊಳ್ಳಾಕತ್ತೀನಿ! ನಾಲಿಗಿ ಕಚ್ಚಿ ಹಿಡದು, “ಆಗ ನಿಮಗ ಹೆಂಗ ಅನಸ್ತು?” ಅಂದ್ನಿ.

“ಹೆಂಗ ಅನಸ್ತೈತಿ? ಹೊಟ್ಟಿ ಉರೀತು. ಬಾಯಿ ಅಂದ್ರ ಬಾಯಿ ಆಕೀದು, ಒಂದ ಅಂದ್ರ ಹತ್ತ ಅಂತಾಳ. ಚಹಾಕ್ಕ ಸಕ್ಕರಿ ಹಾಕೂದಿಲ್ಲ, ನನಗ ಸಕ್ಕರಿ ಬ್ಯಾನಿ ಬರತೈತಂತ. ಬಂದಿಲ್ಲ, ಬರತೈತಂತ!”

“ಆಮ್ಯಾಲ?” ಸೀರಿ ಚುಂಗ ಹಿಂಡಿ ಹಿಂಡಿ ಕೈ ಕೆಂಪಾಗಿತ್ತು.

ಹತ್ತ ನಿಮಿಷ ಹಿಂಗಽ ನಡೀತು. ಆಮ್ಯಾಲ ಅತ್ತಿ ದನಿ ಇಳೀತು. “ದಿನಾ ನಿಪ್ಪಾಣಿಗೆ ಹೋಗಿ ಊರ ಹೆಣಮಕ್ಕಳ ಕಷ್ಟಾ ಕೇಳತಾಳ್ರಿ. ಸಂಜಿಗೆ ಬಂದಾಗ, ಅತ್ಯಾರ ನಿಮ್ಮ ಮೊಣಕಾಲ ಹೆಂಗ ಅದಾವ ಅಂತ ಒಂದ ದಿನಾ ಕೇಳಿಲ್ಲ. ನಾನೂ ಹೇಳಿಲ್ಲ ಬಿಡ್ರಿ. ದಣದ ಬಂದಿರತಾಳ.”

ಖರೇ ಇತ್ತು, ಒಂದ ದಿನಾನೂ ಕೇಳಿರಲಿಲ್ಲ. ಮೊಣಕಾಲ ನೋಯ್ತಾವ ಅನ್ನೂದಽ ನನಗ ಗೊತ್ತಿರಲಿಲ್ಲ. “ಎಷ್ಟ ದಿನದಿಂದ ನೋಯಾಕತ್ತಾವ್ರಿ?” ಅಂತ ಕೇಳಿದ್ನಿ. ಮಾರ್ಕ್ಸ್ ಆ ಹೊತ್ತಿನ್ಯಾಗ ನೆನಪಽ ಇರಲಿಲ್ಲ.

“ಸುಗ್ಗಿಯಿಂದ” ಅಂದು ಅತ್ತಿ ಕಣ್ಣ ಒರಸಿಕೊಂಡ್ಲು.

ಟೈಮ್ ಆತು. ಪರೀಕ್ಷಕಿ ಅತ್ತಿಗೆ, “ಮನಸು ಹಗುರ ಆತೇನ್ರಿ ಅಮ್ಮಾ?” ಅಂತ ಕೇಳಿದ್ರು.

“ಬಾಳ ಹಗುರ ಆತ್ರಿ. ಈ ಹೆಣಮಗಳು ಎಷ್ಟ ಸಮಾಧಾನದಾಕಿ! ಇಂಥಾ ಸೊಸಿ ಸಿಗಬೇಕಿತ್ರಿ ನನಗ.”

“ಹಂಗಾದ್ರ ನಿಮ್ಮ ಸೊಸಿನ್ನೂ ಈ ಕೋರ್ಸಿಗೆ ಹಚ್ಚರಿ.”

“ಅಯ್ಯ, ಸಾಕ್ರಿಯವ್ವಾ! ಎರಡ ವರ್ಷ ಈಕಿ ಕಲಿಯಾಕ ಕುಂತ್ಲು, ರೊಟ್ಟಿ ಬಡದಾಕಿ ನಾನಽ. ಇನ್ನೊಮ್ಮೆ ಹಚ್ಚಿದ್ರ ನನ್ನ ರಟ್ಟಿ ಉಳಿಯೂದಿಲ್ಲ.”

ಮುಗೀತು! ಪರೀಕ್ಷಕಿ ಚಷ್ಮಾ ತಗದು ಒಮ್ಮೆ ನನ್ನ ನೋಡಿದ್ರು, ಒಮ್ಮೆ ಅತ್ತಿನ್ನ ನೋಡಿದ್ರು. “ಅಮ್ಮಾ, ನೀವು ಓಣಿಯವರೋ, ಇದಽ ಮನಿಯವರೋ?”

ನಾ ಬಾಯಿ ತಗಿಯೂದ್ರೊಳಗ ಅತ್ತಿ, “ಮನಿ ಓಣ್ಯಾಗಽ ಐತಲ್ರಿ” ಅಂದ್ಲು.

ಪರೀಕ್ಷಕಿ ನಕ್ಕರು ನೋಡ್ರಿ, ಕಣ್ಣಾಗ ನೀರ ಬರೂತನಕ ನಕ್ಕರು. “ಮನಿ ಮಂದಿನ್ನ ಕುಂದ್ರಿಸಿದ್ದು ತಪ್ಪು, ಅದಕ್ಕ ಐದ ಮಾರ್ಕ್ಸ್ ಕಡಿಮಿ ಮಾಡ್ತೇನಿ,” ಅಂದ್ರು. “ಆದ್ರ ಸ್ವಂತ ಅತ್ತಿ ಬೈಯೂದನ್ನ ಹದಿನೈದ ನಿಮಿಷ ಗಪ್ ಕುಂತ ಕೇಳಿದಾಕಿನ್ನ ನಾ ಹೆಂಗ ಫೇಲ್ ಮಾಡ್ಲಿ? ಪಾಸ್ ಆಗೀರಿ.”

ನಾ ಪರೀಕ್ಷಕಿಗೆ ಕೈ ಮುಗದ್ನಿ. ಅತ್ತಿ ನನ್ನ ಸರಿಸಿ ಫೋನಿಗೆ ಬಾಯಿ ಹಚ್ಚಿ ಕೇಳಿದ್ಲು:

“ಮೇಡಂ, ಮುಂದಿನ ಪರೀಕ್ಷಾ ಯಾವಾಗ್ರಿ? ನಾ ಇನ್ನೂ ಅರ್ಧಾನೂ ಹೇಳಿಲ್ಲ.”