ಹವಳಕ್ಕೆ ಕಚ್ಚಿದ್ದು ಯಾರು?

ಉಪ್ಪುನೀರಿನ ತೊಟ್ಟಿಯಲ್ಲಿ ಹವಳವನ್ನೂ ಮೀನನ್ನೂ ಒಟ್ಟಿಗೆ ಸಾಕುವವನ ಮನೆಯಲ್ಲಿ ಪಂಚಾಯಿತಿಗೆ ಕೊರತೆ ಇರುವುದಿಲ್ಲ. ನಾನು ಬನ್ನಂಜೆಯಲ್ಲಿ ಹಲ್ಲಿನ ಡಾಕ್ಟರು. ದಿನವಿಡೀ ಹಲ್ಲು ನೋಡಿ ಮನೆಗೆ ಬಂದರೆ ಅಲ್ಲೂ ಹಲ್ಲಿನದೇ ತಕರಾರು. ಹವಳವೆಂದರೆ ಬರೀ ಕಲ್ಲಲ್ಲ, ಜೀವ. ಕೆಲವು ಚಂದದ ಮೀನುಗಳಿಗೆ ಅದನ್ನು ಕಚ್ಚುವ ಚಟ.

ಅಂಗಡಿಯವನ ಸರ್ಟಿಫಿಕೇಟು

ಮಣಿಪಾಲದ ಅಂಗಡಿಯೊಂದರಲ್ಲಿ ನೀಲಿ ಬೆನ್ನು, ಕಿತ್ತಳೆ ಹೊಟ್ಟೆಯ ಏಂಜೆಲ್ ಮೀನು ಕಂಡಿತು. ನನ್ನ ಕಾಲು ಮುಂದೆ ಹೋಗಲಿಲ್ಲ.

“ಇದು ಹವಳ ಕಚ್ಚುತ್ತದಾ?” ಎಂದು ಕೇಳಿದೆ.

“ಕೆಲವು ಕಚ್ಚುತ್ತವೆ ಸರ್. ಇದು ಭಾರಿ ಸಾಧು. ಬಂದು ಒಂದು ತಿಂಗಳಾಯಿತು, ಒಂದು ಹವಳವನ್ನೂ ಮುಟ್ಟಿಲ್ಲ.”

ತಂದು ತೊಟ್ಟಿಗೆ ಬಿಟ್ಟ ಮೇಲೆ ಹೊಳೆಯಿತು. ಅವನ ಅಂಗಡಿಯಲ್ಲಿ ಹವಳವೇ ಇರಲಿಲ್ಲ.

ಸ್ಪೀಕರ್ ಫೋನು

ಹಿರಿಯ ಹೆಂಗಸೊಬ್ಬರ ದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದೆ. ಕೈಯಲ್ಲಿ ಗ್ಲೌಸು ಇದ್ದದ್ದರಿಂದ ಹೆಂಡತಿಯ ಫೋನನ್ನು ನರ್ಸ್ ಸ್ಪೀಕರಿಗೆ ಹಾಕಿದಳು.

“ಕೇಳ್ತದಾ? ನಮ್ಮ ಹವಳ ಮುದುಡಿ ಕೂತಿದೆ. ಮೈಯೆಲ್ಲ ಗಾಯ. ಆ ಹೊಸತು ಬಂದಾಗಿನಿಂದ ಹೀಗೆ, ಅದೇ ಕಚ್ಚಿರಬೇಕು!”

ಹೆಂಗಸು ಕುರ್ಚಿಯಿಂದ ಎದ್ದೇಬಿಟ್ಟರು. ಸೊಟ್ಟಗಾದ ಬಾಯಲ್ಲೇ ಹೇಳಿದರು: “ನನ್ನ ಹಲ್ಲು ನಾಳೆಯೂ ಇರ್ತದೆ ಡಾಕ್ಟ್ರೇ. ಮೊದಲು ಮಗುವಿಗೆ ನಾಯಿ ಇಂಜೆಕ್ಷನ್ ಕೊಡಿಸಿ!”

ಮಾವನ ಬೇಟೆ

ಹೆಬ್ಬೆರಳಷ್ಟಿದ್ದ ಆ ಹವಳವನ್ನು ಎರಡು ವರ್ಷದಲ್ಲಿ ಅಂಗೈಯಗಲ ಬೆಳೆಸಿದ್ದೆವು. ಅದು ಸೊರಗುವುದನ್ನು ನೋಡಲಾಗದೆ ಏಂಜೆಲನ್ನು ಕಾರ್ಕಳದ ಸ್ನೇಹಿತನಿಗೆ ಕೊಡುವುದೆಂದಾಯಿತು. ಅವನ ತೊಟ್ಟಿಯಲ್ಲಿ ಹವಳವಿಲ್ಲ. ಆದರೆ ಮೀನು ಕೈಗೆ ಸಿಗಬೇಕಲ್ಲ? ಬಲೆ ಕಂಡ ಕೂಡಲೇ ಕಲ್ಲಿನ ಸಂದಿಗೆ ಓಡುತ್ತಿತ್ತು. ಮೂರು ಭಾನುವಾರ ಸೋತೆ.

ಕೊನೆಗೆ ಕಾಪುವಿನಿಂದ ಮಾವ ಬಂದರು. ನಲವತ್ತು ವರ್ಷ ಬೋಟಿನಲ್ಲಿ ಮೀನು ಹಿಡಿದವರು.

“ಎಂತ ಡಾಕ್ಟ್ರೇ, ಇಷ್ಟು ನೀರಿನಲ್ಲಿ ಒಂದು ಮೀನು ಸಿಗುವುದಿಲ್ವಾ?” ಎಂದು ತೋಳು ಏರಿಸಿದರು.

ಎರಡು ಗಂಟೆಯ ಮೇಲೆ ಮೀನು ಬಲೆಯಲ್ಲಿ, ಕಲ್ಲುಗಳೆಲ್ಲ ಬಕೆಟಿನಲ್ಲಿ, ನೀರೆಲ್ಲ ನೆಲದ ಮೇಲೆ. ತಮ್ಮ ಮಗಳು ನೆಲ ಒರೆಸುವ ಬಟ್ಟೆ ಹಿಡಿದು ನಿಂತದ್ದನ್ನು ಕಂಡು ಮಾವ ನಿಟ್ಟುಸಿರು ಬಿಟ್ಟರು: “ಸಮುದ್ರವೇ ಸುಲಭ ಮಾರಾಯ್ರೆ. ಅಲ್ಲಿ ಯಾರೂ ಒರೆಸಲು ಹೇಳುವುದಿಲ್ಲ.”

ಕಾರ್ಕಳದಲ್ಲಿ ಕ್ಷಮೆ

ವಾರ ಕಳೆದರೂ ಹವಳ ಅರಳಲಿಲ್ಲ. ಒಂದು ಸಂಜೆ ಹೆಂಡತಿ ಕಳ್ಳನನ್ನು ಕಣ್ಣಾರೆ ಕಂಡಳು. ಪಾಚಿ ತಿನ್ನಲೆಂದು ಮೊದಲಿನಿಂದಲೂ ಸಾಕಿದ್ದ ಮೊಂಡು ಮೂತಿಯ ಕಂದು ಮೀನು! ತೊಟ್ಟಿಯಲ್ಲಿ ಪಾಚಿ ಮುಗಿದಿತ್ತು. ಹಸಿದು ಹವಳಕ್ಕೆ ಬಾಯಿ ಹಾಕುತ್ತಿತ್ತು. ಒಣಗಿಸಿದ ಕಡಲಪಾಚಿ ಕೊಡತೊಡಗಿದ ಮೇಲೆ ಹವಳ ಮೆಲ್ಲಗೆ ಅರಳಿತು.

ಮಾವನ ಮುಖ ಮಾತ್ರ ಬಾಡಿತು. “ಹಾಗಾದರೆ ನಾನು ಹಿಡಿದುಕೊಟ್ಟದ್ದು ಏನೂ ಮಾಡದವನನ್ನಾ? ನಡೆಯಿರಿ ಕಾರ್ಕಳಕ್ಕೆ.”

ಸ್ನೇಹಿತ ಮೀನು ವಾಪಸು ಕೊಡಲು ಒಪ್ಪಲಿಲ್ಲ. ಅವನ ಮಗಳು ಅದಕ್ಕೆ ಹೆಸರಿಟ್ಟಾಗಿತ್ತು. ಮಾವ ತೊಟ್ಟಿಯ ಮುಂದೆ ಬಗ್ಗಿ, ಕೈಮುಗಿದು, “ತಪ್ಪಾಯಿತು ಮಾರಾಯ, ಗೊತ್ತಾಗಲಿಲ್ಲ” ಎಂದರು. ಜೀವಮಾನವಿಡೀ ಟನ್‌ಗಟ್ಟಲೆ ಮೀನು ಹಿಡಿದವರು ಬೆರಳುದ್ದದ ಒಂದು ಮೀನಿನ ಕ್ಷಮೆ ಕೇಳುತ್ತಿದ್ದರು.

ಅಷ್ಟರಲ್ಲಿ ಸ್ನೇಹಿತನ ಹೆಂಡತಿ ಒಳಗಿನಿಂದ ಬಂದು, “ಊಟ ಮಾಡಿಕೊಂಡೇ ಹೋಗಬೇಕು” ಎಂದರು.

ಮಾವ ಕಣ್ಣೊರೆಸಿಕೊಂಡು ತಿರುಗಿದರು.

“ಆಗಬಹುದು. ಮೀನು ಎಂತ ಉಂಟು?”